ಅಮ್ಮನ ಎಡೆಯಲ್ಲಿ ಚಿಕ್ಕಮ್ಮನ ಮಾತ್ರೆ

ಸ್ವಲ್ಪ ತಾಳಿ, ಕಾಗೆ ಬರುವವರೆಗಾದರೂ ಓದಿ. ಆಮೇಲೆ ಬೇಕಿದ್ದರೆ ನಗಿ.

ನಾನು ಡಾಕ್ಟರಲ್ಲ. ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿದ ಮೇಲೂ ವರ್ಷಗಟ್ಟಲೆ ನುಂಗಬೇಕಾದ ಹಾರ್ಮೋನ್ ಮಾತ್ರೆಯನ್ನು ಅಮ್ಮ ನಡುವೆಯೇ ಬಿಟ್ಟಳು. ಕಾಯಿಲೆ ಮರಳಿತು, ಅಮ್ಮ ಹೋದಳು. ಆ ಮಾತ್ರೆಯನ್ನು ಜನ ಎಷ್ಟು ನಂಬುತ್ತಾರೆಂದು ಅಂಕ ಹಾಕಿ ಅಳೆಯುವ ಪ್ರಶ್ನೆಗಳಿವೆ ಎಂದು ಆಮೇಲೆ ಇಂಟರ್ನೆಟ್ಟಿನಲ್ಲಿ ಓದಿದೆ. ನಾನೇ ಕನ್ನಡದಲ್ಲಿ ಒಂದಷ್ಟು ಬರೆದುಕೊಂಡು ಇಟ್ಟಮಡುವಿನ ಚಿಕ್ಕಮ್ಮನ ಮನೆಗೆ ಓಡಿದೆ. ಈಗ ಅವಳಿಗೂ ಅದೇ ಕಾಯಿಲೆ, ಅದೇ ಮಾತ್ರೆ.

"ಬಾರೇ ಡಾಕ್ಟ್ರಮ್ಮ, ನನ್ನ ಫೇಲ್ ಮಾಡ್ಬೇಡ ಕಣೇ," ಎಂದಳು ಚಿಕ್ಕಮ್ಮ, ಸೊಪ್ಪು ಬಿಡಿಸುತ್ತ.

"ಈ ಮಾತ್ರೆ ಇಲ್ದಿದ್ರೆ ಕಾಯಿಲೆ ವಾಪಸ್ ಬರುತ್ತೆ ಅಂತ ನಂಬ್ತೀಯಾ?"

"ಪೂರ್ತಿ ನಂಬ್ತೀನಿ."

"ಇದ್ರಿಂದ ತೊಂದ್ರೆ ಆಗುತ್ತೆ ಅನ್ನೋ ಭಯ?"

"ಒಂಚೂರೂ ಇಲ್ಲ."

ಪೂರ್ತಿ ಅಂಕ! ನನಗೆ ಕುಣಿಯುವಷ್ಟು ಖುಷಿ. ಅಷ್ಟರಲ್ಲಿ ತಾರಸಿಯಲ್ಲಿ ಕಾಗೆ ಕೂಗಿತು.

"ಅಕ್ಕ ಬಂದ್ಲು," ಎಂದು ಚಿಕ್ಕಮ್ಮ ಎದ್ದಳು. ಅವಳ ಅಕ್ಕ ಎಂದರೆ ನನ್ನ ಅಮ್ಮ.

ಹಬ್ಬದಲ್ಲಿ ಮಾತ್ರ ಹಿರಿಯರಿಗೆ ಎಡೆ ಇಡುವ ಮನೆತನ ನಮ್ಮದು. ಚಿಕ್ಕಮ್ಮ ದಿನವೂ ಇಡುತ್ತಿದ್ದಳು. ಅಮ್ಮನ ಫೋಟೋ ಮುಂದೆ ಬಾಳೆ ಎಲೆ, ಅನ್ನ, ಅನ್ನದ ಮೇಲೆ ಆ ಬಿಳಿ ಮಾತ್ರೆ. ಲೋಟಕ್ಕೆ ಅಂಚಿನವರೆಗೆ ನೀರು ತುಂಬಿಸಿದವಳು ನಾನೇ. ಬಾಗಿಲು ಮುಚ್ಚಿ, ಅಮ್ಮ ಉಣ್ಣಲೆಂದು ಹೊರಗೆ ನಿಂತೆವು.

"ಆಮೇಲೆ ಎಲೇನ ತಾರಸಿಗೆ ಒಯ್ತೀನಿ. ಕಾಗೆ ಅನ್ನ ಮುಟ್ಟಲ್ಲ, ಮಾತ್ರೇನೇ ಮೊದ್ಲು ಎತ್ಕೊಳ್ಳುತ್ತೆ," ಎಂದು ಚಿಕ್ಕಮ್ಮ ಪಿಸುಗುಟ್ಟಿದಳು. "ಬಿಟ್ಟಿದ್ಕೇ ತಾನೇ ಅವ್ಳು ಹೋಗಿದ್ದು? ಅಲ್ಲಾದ್ರೂ ತಗೊಳ್ಲಿ."

"ಮತ್ತೆ ನಿಂಗೆ?"

"ದಿನಕ್ಕೆ ಒಂದೇ ಅಲ್ವೇನೇ ಕೊಟ್ಟಿರೋದು."

ಅವಳ ನಂಬಿಕೆಯನ್ನು ಅಳೆದಿದ್ದೆ, ಮಾತ್ರೆ ಯಾರ ಬಾಯಿಗೆ ಹೋಗುತ್ತದೆಂದು ಕೇಳಿರಲಿಲ್ಲ.

ಬಾಗಿಲು ತೆರೆದೆವು. ಮಾತ್ರೆ ಇಟ್ಟಲ್ಲೇ ಇತ್ತು. ಲೋಟದ ನೀರು ಒಂದು ಬೆರಳಿನಷ್ಟು ಇಳಿದಿತ್ತು.

"ಚಿಕ್ಕಮ್ಮ, ಹಬ್ಬದಲ್ಲಿ ಎಡೆ ಇಟ್ಟಿದ್ದನ್ನ ಆಮೇಲೆ ಯಾರು ತಿಂತಾರೆ?"

"ಇನ್ಯಾರು? ಮನೆಯೋರೇ."

"ಅಮ್ಮಂದು ಆಯ್ತು ನೋಡು. ಉಳಿದಿದ್ದು ನಿಂದು."

ಅವಳು ಫೋಟೋವನ್ನೇ ನೋಡಿದಳು. "ಬೈಯಲ್ವಾ ಅವ್ಳು?"

"ತಿನ್ನದಿದ್ರೆ ಬೈತಾಳೆ."

ಚಿಕ್ಕಮ್ಮ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ಅದೇ ಲೋಟದ ನೀರು ಕುಡಿದಳು. ಅಲ್ಲಿಯವರೆಗೆ ಕೂಗುತ್ತಲೇ ಇದ್ದ ಕಾಗೆ, ಗುಟುಕು ಇಳಿದ ಕೂಡಲೇ ಸುಮ್ಮನಾಯಿತು.

ಈಗ ದಿನವೂ ಹಾಗೆಯೇ: ಮೊದಲು ಅಮ್ಮ, ಆಮೇಲೆ ಚಿಕ್ಕಮ್ಮ. ನಿಮ್ಮ ಮನೆಯಲ್ಲೂ ಇಂಥ ಮಾತ್ರೆ ತೆಗೆದುಕೊಳ್ಳುವವರಿದ್ದರೆ, ಅದು ಎಲ್ಲೆಲ್ಲಿ ಸುತ್ತಿ ಅವರ ಬಾಯಿ ಸೇರುತ್ತದೆ, ಸೇರುತ್ತದೆಯೇ ಎಂದು ಒಮ್ಮೆ ನೋಡಿ. ಕಂಡದ್ದನ್ನು ನನಗೂ ಬರೆದು ತಿಳಿಸಿ.