ಅಟ್ಟದ ಮೇಲೆ ಬಿಟ್ಟು ಬಂದ ಕ್ಯಾಮೆರಾ

ನಮ್ಮ ಯಜಮಾನರ ಹೆಸರು ತೋಂಟದಾರ್ಯ. ಆ ಹೆಸರು ಹಿಡಿದು ಕೇಳಿದರೆ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಯಾರೂ ಗುರುತು ಹೇಳುವುದಿಲ್ಲ. ವಿಡಿಯೋ ತೋಂಟಣ್ಣ ಅನ್ನಿ, ಬಸ್ಸಿಗೆ ಕಾದು ನಿಂತವರೂ ಸ್ಟುಡಿಯೋ ಕಡೆ ಬೆರಳು ತೋರಿಸುತ್ತಾರೆ. ಇವರು ಮದುವೆ ಹಿಡಿಯುತ್ತಾರೆ, ನಾನು ಕಂಪ್ಯೂಟರ್ ಮುಂದೆ ಕೂತು ಕತ್ತರಿಸುತ್ತೇನೆ. ‘ಗಂಡ ತಾಳಿ ಕಟ್ಟಿಸ್ತಾನೆ, ಹೆಂಡ್ತಿ ಕತ್ತರಿ ಆಡಿಸ್ತಾಳೆ’ ಎಂದು ಊರವರು ನಗುತ್ತಾರೆ. ನಗಲಿ, ಅವರ ಮದುವೆಯ ಮಾನ ಉಳಿದಿರುವುದು ನನ್ನ ಕತ್ತರಿಯಿಂದಲೇ.

ನಮ್ಮ ಕಸುಬಿನಲ್ಲಿ ಮೊದಲು ಮಾಡುವ ಕೆಲಸ ಮಾತು ಅಳಿಸುವುದು. ಅಡುಗೆಯವರ ಜಗಳ, ಮಕ್ಕಳ ರಂಪ, ಬೀಗರ ಗೊಣಗಾಟ ಯಾರಿಗೆ ಬೇಕು? ಧ್ವನಿಯನ್ನೆಲ್ಲ ತೆಗೆದು ಮೇಲೆ ಹಾಡು ಹಾಸಿದರೆ ಜನಕ್ಕೆ ಖುಷಿ. ಪೆನ್‌ಡ್ರೈವ್ ಕೊಟ್ಟ ಮೇಲೆ ಕ್ಯಾಮೆರಾದ ಕಾರ್ಡನ್ನು ಖಾಲಿ ಮಾಡಿ ಮುಂದಿನ ಮದುವೆಗೆ ಇಟ್ಟುಕೊಳ್ಳುತ್ತೇವೆ. ಎಲ್ಲರೂ ಹೀಗೇ ಮಾಡುವುದು.

ನಮ್ಮತ್ತೆ ಗುರುಶಾಂತಮ್ಮ ಹೋದ ದೀಪಾವಳಿ ಕಳೆದ ಮೇಲೆ ತೀರಿಕೊಂಡರು. ಎದೆನೋವು ಎಂದವರು ತಿಪಟೂರಿನ ಆಸ್ಪತ್ರೆ ಮುಟ್ಟಲಿಲ್ಲ. ಊರಿನವರನ್ನೆಲ್ಲ ಹಿಡಿದ ಮಗನ ಹತ್ತಿರ ಹೆತ್ತವಳ ಒಂದು ನೆಟ್ಟಗಿನ ಚಿತ್ರ ಇರಲಿಲ್ಲ. ಕ್ಯಾಮೆರಾ ಕಂಡರೆ ಅತ್ತೆ ಸೆರಗು ಎಳೆದುಕೊಂಡು ‘ನನ್ ಮೋರೆ ಹಿಡ್ದು ಯಾರ್ಗ್ ತೋರುಸ್ತೀಯಲಾ, ತೆಗ್ಯತ್ಲಾಗೆ’ ಎಂದು ಗದರುತ್ತಿದ್ದರು. ಹುಡುಕಿ ಹುಡುಕಿ ಸಿಕ್ಕಿದ್ದು ಒಂದೇ ತುಣುಕು, ತುರುವೇಕೆರೆಯಲ್ಲಿ ನಮ್ಮ ನೆಂಟರ ಹುಡುಗಿ ಶಿಲ್ಪಳ ಮದುವೆಯದು. ಅದರಲ್ಲಿ ಅತ್ತೆ ಮುಖದ ಅರ್ಧಕ್ಕೆ ಸೆರಗು ಹಿಡಿದು ಮಗನಿಗೆ ಏನೋ ಹೇಳುತ್ತಾರೆ. ತುಟಿ ಆಡುತ್ತದೆ, ಕೇಳುವುದು ಹಾಡು. ಇವರು ಅದನ್ನು ಎಷ್ಟು ಸಲ ಹಾಕಿಸಿದರೋ. ಊಟ ಸೇರುತ್ತಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ. ಅಮ್ಮನನ್ನು ಒಂದು ಸಲ ಸರಿಯಾಗಿ ಕಾಣಬೇಕು ಎನ್ನುವ ಹಟ ಇವರನ್ನು ತಿಂದುಹಾಕುತ್ತಿತ್ತು. ನನಗೆ ನಿಜವಾಗಿ ಭಯವಾಗಿತ್ತು.

ಅತ್ತೆ ಬಿಟ್ಟುಹೋದ ಇನ್ನೊಂದು ವಸ್ತು ಅಟ್ಟದ ತುಂಬ ಇತ್ತು. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಕೊಬ್ಬರಿಯಾಗಬೇಕು. ಅತ್ತೆ ಒಂದೊಂದೇ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. ನೀರಾಡಿದರೆ ಇನ್ನೂ ಒಣಗಬೇಕು, ಒಳಗೆ ಕೊಬ್ಬರಿ ಗಟಗಟ ಎಂದರೆ ಇಳಿಸಬಹುದು. ಸಾಯುವ ಮುಂಚೆ ಅವರೇ ನಿಂತು ಜೋಡಿಸಿದ ಕಾಯಿ ಅವು. ‘ಅಮ್ಮ ಇಟ್ಟಂಗೇ ಇರ್ಲಿ, ಯಾರೂ ಮುಟ್ಬ್ಯಾಡಿ’ ಎಂದು ಇವರು ಅಪ್ಪಣೆ ಮಾಡಿದ್ದರು.

ಯಾರೂ ಮುಟ್ಟದ ಅಟ್ಟದಲ್ಲಿ ಮಟಮಟ ಮಧ್ಯಾಹ್ನ ಸದ್ದು ಆಗುತ್ತಿತ್ತು. ಗಟಗಟ. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಗಟಗಟ. ಮಾವ ಕಾಡಸಿದ್ದಪ್ಪ ಉಂಡು ತೋಟಕ್ಕೆ ಹೋಗಿರುತ್ತಿದ್ದರು, ಮನೆಯಲ್ಲಿ ನಾನೊಬ್ಬಳೇ. ಇಲಿ ಎಂದು ನನಗೆ ನಾನೇ ಹೇಳಿಕೊಂಡು ಟಿವಿ ಜೋರು ಮಾಡುತ್ತಿದ್ದೆ. ಇಲಿ ಕಾಯಿ ಅಲ್ಲಾಡಿಸಿ ನೋಡುತ್ತದೆಯೇ?

ಅಷ್ಟರಲ್ಲಿ ಇವರು ಹೊಸ ಕ್ಯಾಮ್‌ಕಾರ್ಡರ್ ತಂದರು. ಕತ್ತಲಲ್ಲೂ ಮುಖ ಹುಡುಕಿ ತಾನೇ ಫೋಕಸ್ ಮಾಡುತ್ತದಂತೆ, ಸೂಜಿ ಬಿದ್ದರೂ ಕೇಳುತ್ತದಂತೆ. ಅಂಗಡಿಯವನ ಮಾತು ನಂಬುವ ಜಾಯಮಾನ ಇವರದಲ್ಲ. ಪರೀಕ್ಷೆಗೆ ಕತ್ತಲ ಜಾಗ ಬೇಕೆಂದು ಅಟ್ಟದ ಮೇಲೆ ಸ್ಟ್ಯಾಂಡ್ ನಿಲ್ಲಿಸಿ ರೆಕಾರ್ಡಿಂಗ್ ಒತ್ತಿದರು. ಅಷ್ಟು ಹೊತ್ತಿಗೆ ಗಿರಾಕಿಯ ಫೋನ್ ಬಂತು, ಹಾಗೇ ಬಿಟ್ಟು ಕ್ರಾಸಿಗೆ ಓಡಿದರು.

ಮಾರನೆಯ ದಿನ ಬೆಳಿಗ್ಗೆ ಸ್ಟುಡಿಯೋದಲ್ಲಿ ಆ ರೆಕಾರ್ಡಿಂಗ್ ತೆರೆದೆವು. ಕಾಯಿರಾಶಿ, ಗಾಜಿನ ಹೆಂಚಿನಿಂದ ಇಳಿದ ಒಂದು ಕೋಲು ಬಿಸಿಲು, ಬೇರೇನಿಲ್ಲ. ಖಾಲಿ ಭಾಗ ಕತ್ತರಿಸಿ ಎಸೆಯುವುದು ನನ್ನ ಅಭ್ಯಾಸ. ಮೌಸ್ ಹಿಡಿದಿದ್ದೆ, ಕೊಟ್ಟಿಗೆ ಕಡೆಯ ಏಣಿಯಿಂದ ಒಂದು ತಲೆ ಮೇಲೆ ಬಂತು. ಮಾವ!

ತೋಟಕ್ಕೆ ಹೋಗುತ್ತೇನೆ ಎಂದು ಹೊರಟವರು ದಿನಾ ಬರುತ್ತಿದ್ದದ್ದು ಇಲ್ಲಿಗೆ. ರಾಶಿಯ ಮುಂದೆ ಕೂತು ಒಂದು ಕಾಯಿ ಕಿವಿಗೆ ಹಿಡಿದರು. ‘ಇದು ನೀರಾಡ್ತೈತೆ ಕಣೇ. ಬುಡು, ಅತ್ಲಾಗಿಡ್ತೀನಿ.’

ಸದ್ದು ಇಲಿಯದಲ್ಲ ಎಂದು ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಮಾವ ಸುಮ್ಮನಾಗಿ ಯಾರದೋ ಮಾತು ಕೇಳುವವರಂತೆ ತಲೆ ವಾಲಿಸಿದರು. ‘ಹ್ಞೂಂ, ಉಂಡೆ. ಸೊಸೆ ಮುದ್ದೆ ಕಲ್ಲಾಗಿರ್ತೈತೆ, ನೀ ಮಾಡ್ದಂಗಲ್ಲ.’ ಆ ಭಯದಲ್ಲೂ ನನಗೆ ಸಿಟ್ಟು ಬಂತು ನೋಡಿ. ಮಾವ ಮತ್ತೆ ತಲೆ ವಾಲಿಸಿದರು. ಆಮೇಲೆ ಮಾವ ನಕ್ಕುಬಿಟ್ಟರು. ‘ಆಯ್ತು ಬುಡೇ, ಅನ್ನಲ್ಲ. ಅವ್ಳಿಗೂ ಕೆಲ್ಸ ಜಾಸ್ತಿ, ನೀ ಹೇಳೋದು ಸರಿ.’ ಅತ್ತೆ ನನ್ನ ಪರ ವಹಿಸಿದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು.

ಇವರು ನನ್ನ ಕಿವಿಯಿಂದ ಹೆಡ್‌ಫೋನ್ ಕಿತ್ತುಕೊಂಡರು. ಮಾವ ಮಾತು ನಿಲ್ಲಿಸಿದ ಜಾಗ ಬಂದಾಗಲೆಲ್ಲ ವಾಲ್ಯೂಮನ್ನು ಮೇಲಕ್ಕೇರಿಸಿ, ಹಿಂದಕ್ಕೆಳೆದು, ಮತ್ತೆ ಹಾಕಿ ಕೇಳಿದರು. ದೂರದ ಹೈವೇ ಲಾರಿ, ಒಂದು ಕಾಗೆ. ‘ಏನಿಲ್ಲ ಕಣೇ’ ಎಂದಾಗ ಇವರ ಮುಖ ಇಷ್ಟು ಸಣ್ಣಗಾಗಿತ್ತು.

ಹೆಡ್‌ಫೋನ್ ತೆಗೆದಿಟ್ಟು ಸ್ಪೀಕರ್ ಹಾಕಿ ವಿಡಿಯೋ ಮುಂದಕ್ಕೆ ಓಡಿಸಿದರು. ಮಾವ ಕ್ಯಾಮೆರಾದ ಕೆಂಪು ದೀಪ ಕಂಡರು. ‘ಅಗೋ ನೋಡೇ, ನಿನ್ ಮಗ ಮಿಷನ್ನು ಇಟ್ಬುಟ್ ಹೋಗವ್ನೆ. ಬಾ, ಈಗ್ಲಾದ್ರೂ ಬಂದ್ ಕೂತ್ಕೊ. ಮಕ ಮುಚ್ಕಬ್ಯಾಡ. ಹುಡ್ಗ ಕೊರಗ್ತಾವ್ನೆ.’ ಹೇಳಿ, ತುಸು ಮುಂದಕ್ಕೂ ಪಕ್ಕಕ್ಕೂ ಸರಿದು ರಾಶಿಯ ಕಡೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟರು. ಹೆಗಲ ಟವೆಲ್ಲು ಸರಿಮಾಡಿಕೊಂಡು ನೆಟ್ಟಗೆ ಕೂತರು.

ಅಲ್ಲಿಯವರೆಗೆ ಮಾವನ ಸುಕ್ಕು ಸುಕ್ಕನ್ನೂ ತೋರಿಸುತ್ತಿದ್ದ ಕ್ಯಾಮೆರಾ ಅವರನ್ನು ಬಿಟ್ಟುಬಿಟ್ಟಿತು. ಅವರ ಮುಖ ಮಸುಕಾಯಿತು. ಹಿಂದಿನ ಕಾಯಿರಾಶಿಯೂ ಸ್ಪಷ್ಟವಾಗಲಿಲ್ಲ. ಎರಡರ ನಡುವೆ, ಆ ಖಾಲಿ ಜಾಗದಲ್ಲಿ, ಬಿಸಿಲಿನ ಧೂಳಿನ ಕಣಗಳು ಒಂದೊಂದಾಗಿ ಎಣಿಸುವಷ್ಟು ನಿಚ್ಚಳವಾದವು. ಮಾವ ಏಳುವವರೆಗೂ ಫೋಕಸ್ ಅಲ್ಲಿಂದ ಕದಲಲಿಲ್ಲ.

‘ಲೆನ್ಸು ಕೆಟ್ಟೈತೆ ಕಣ್ರೀ, ಮದ್ವೆ ಗಿದ್ವೆ ಹಿಡಿಯೋಕ್ ಮುಂಚೆ ವಾಪಸ್ ಕೊಟ್ಬುಡಿ’ ಎಂದೆ. ಮೌನ ಕಂಡರೆ ಹಾಡು ಹಾಸುವ ಕೈ ನನ್ನದು, ಏನು ಮಾಡಲೂ ತೋಚದೆ ಹಾಡುಗಳ ಫೋಲ್ಡರಿನ ಕಡೆ ಹೋಗಿತ್ತು. ಇವರು ನನ್ನ ಕೈಯನ್ನು ಮೌಸಿನಿಂದ ಎತ್ತಿ ಪಕ್ಕಕ್ಕಿಟ್ಟರು.

ಮಧ್ಯಾಹ್ನ ಊಟಕ್ಕೆ ಹೋದಾಗ ಮಾವ ಜಗಲಿ ಮೇಲೆ ಕೂತಿದ್ದರು. ಮಗನನ್ನು ನೋಡಿ, ಮದುವೆಯವರು ಕೇಳುವ ಹಾಗೇ ಕೇಳಿದರು.

‘ನಿಮ್ಮವ್ವ ಚೆನ್ನಾಗ್ ಬಂದವ್ಳೇನ್ಲಾ?’

ಇವರು ಚಪ್ಪಲಿ ಬಿಟ್ಟು, ಅಪ್ಪನ ಪಕ್ಕ ಕೂತರು.

‘ಬಂದವ್ಳೆ ಕಣಪ್ಪ.’

‘ಮಕ ಮುಚ್ಕಂಡಿಲ್ವಾ?’

‘ಇಲ್ಲ. ನಿನ್ ಮಕಾನೇ ಮಸ್ಕಾಗೈತೆ.’

‘ನಂದೇನ್ ಬುಡು’ ಎಂದರು ಮಾವ. ‘ನಾಳೆ ಕಾಯಿ ಇಳ್ಸಾನ. ಒಣಗವೆ ಅಂತ ಹೇಳಿದ್ಲು.’