ಲಿಥಿಯಂಗೊಂದು ಮೆತ್ತನೆಯ ಪದರ

ಈ ಸಂಜೆ ಪುಣೆಯ ವಾಕಡದ ನಮ್ಮ ಮನೆಯಲ್ಲಿ ಮಗಳು ಉಗುರಿನ ಬಣ್ಣ ಒರೆಸುತ್ತಿದ್ದಳು. ಅಸಿಟೋನಿನ ಆ ಸಿಹಿ ಘಾಟು ಮೂಗಿಗೆ ಬಡಿದದ್ದೇ ತಡ, ಹಳೆಯ ಪ್ರಯೋಗಾಲಯ ನೆನಪಾಯಿತು. ಅದರ ಹಿಂದೆಯೇ ಸುವರ್ಣಾ.

ನಾವಿಬ್ಬರೂ ಇಲ್ಲೇ ಪುಣೆಯಲ್ಲಿ ಬ್ಯಾಟರಿ ಸಂಶೋಧನೆಗೆ ಸೇರಿದ್ದೆವು. ನಾನು ಮೈಸೂರಿನವಳು, ಅವರದು ವಿಜಯಪುರದಿಂದ ಇಲ್ಲಿಗೆ ಬಂದು ಬಟ್ಟೆ ವ್ಯಾಪಾರ ಹಿಡಿದ ಮನೆತನ. ಬ್ಯಾಟರಿಯಲ್ಲಿ ಲಿಥಿಯಂ ಲೋಹವನ್ನೇ ಇಟ್ಟರೆ ಹಗುರ ತೂಕದಲ್ಲಿ ಬೇಕಾದಷ್ಟು ಶಕ್ತಿ ಸಿಗುತ್ತದೆ, ನಿಜ. ಆದರೆ ಚಾರ್ಜ್ ಮಾಡಿದಂತೆಲ್ಲ ಲೋಹದ ಮೈಮೇಲೆ ಮುಳ್ಳು ಬೆಳೆದು, ಆಚೆ ಬದಿಯನ್ನು ಮುಟ್ಟಿ, ಸೆಲ್ ಸತ್ತೇಹೋಗುತ್ತದೆ. ಮುಳ್ಳು ಏಳದಿರಲೆಂದು ನಾನು ಗಟ್ಟಿ ಲೇಪನ ಹಚ್ಚುತ್ತಿದ್ದೆ. ಬಿರುಕು ಬಿಟ್ಟರೆ, ಇನ್ನೂ ಗಟ್ಟಿಯದು. ಹಟದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ, ನೋಡಿ.

"ಹಾ ಶೇವಟಚಾ ಪ್ರಯತ್ನ," ಎಂದರು ನಮ್ಮ ಮುಖ್ಯಸ್ಥರು. ಇದೇ ಕೊನೆಯ ಯತ್ನ, ಆಮೇಲೆ ಈ ಕೆಲಸ ಬಂದ್.

ಸುವರ್ಣಾ ಆಗ ಬಸುರಿ. ದ್ರಾವಕಗಳ ಹತ್ತಿರ ಸುಳಿಯಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಹೊರಗಿನ ಕೋಣೆಯಲ್ಲೇ ಕೂತಿರುತ್ತಿದ್ದರು.

"ಲಿಥಿಯಂ ಉಬ್ಬತದ, ಇಳೀತದ. ಹೋಳಿಗಿ ಕಣಕ ಮೆತ್ತಗಿದ್ರನ ಹೂರಣ ಒಳಗ ಉಳೀತದ ಹೌದಲ್ರಿ? ಜಗ್ಗೋವಂಥ ಪದರಾ ಹಚ್ಚಿ ನೋಡ್ರಿ," ಎಂದರು.

ನಮ್ಮ ಕಡೆ ಅದು ಒಬ್ಬಟ್ಟು ಎಂದು ತಿದ್ದುವ ಚಪಲವನ್ನು ನುಂಗಿಕೊಂಡು, ರಬ್ಬರಿನಂತೆ ಹಿಗ್ಗುವ ತೆಳುಪದರ ಹಚ್ಚಿದೆ. ಸೆಲ್ ವಾರಗಟ್ಟಲೆ ಓಡಿತು. ಬಿಚ್ಚಿ ನೋಡುವ ದಿನ, ಗಾಳಿ ತಾಗದ ಗಾಜಿನ ಪೆಟ್ಟಿಗೆಯೆದುರು ಫೋನ್ ನಿಲ್ಲಿಸಿ ಅವರಿಗೆ ವಿಡಿಯೋ ಕಾಲ್ ಮಾಡಿದೆ. ದಪ್ಪ ಕೈಗವಸಿನೊಳಗಿಂದಲೇ ಸೆಲ್ಲಿನ ಮುಚ್ಚಳ ಬಿಚ್ಚಿದೆ.

"ಏನ್ ಕಾಣ್ತದ್ರಿ?"

ಹಿಂದೆಲ್ಲ ಕಂಡಿದ್ದು ಮುಳ್ಳು ಮುರಿದುಬಿದ್ದ ಕಪ್ಪು ಪುಡಿ. ಈಗ ನನ್ನ ಚಿಮುಟದಲ್ಲಿದ್ದದ್ದು ಬೆಳ್ಳಿಯಂತೆ ಹೊಳೆಯುವ ನುಣ್ಣನೆಯ ಲಿಥಿಯಂ ಬಿಲ್ಲೆ.

"ಮುಳ್ಳೇ ಇಲ್ಲ, ಸುವರ್ಣಾ."

"ಸಮೀಪ ತರ್ರಿ." ಬಿಲ್ಲೆಯನ್ನು ಗಾಜಿಗೆ ತಾಗುವಷ್ಟು ಹತ್ತಿರ ಹಿಡಿದೆ. "ಭಾಳ ಚಂದ ಅದ," ಎಂದವರು ತಿರುಗಿಸಿ ಇನ್ನೊಮ್ಮೆ ತೋರಿಸಲು ಹೇಳಿದರು. ಫೋಟೋ ನೋಡಿದ ಮುಖ್ಯಸ್ಥರು ತಾವೇ ಹೋಗಿ ಪೇಢೆ ತಂದರು.

ಆ ಬಗೆಯ ಸೆಲ್ಲುಗಳೂ ಕೊನೆಗೆ ಸತ್ತವು, ಆದರೆ ಉಳಿದೆಲ್ಲವುಗಳಿಗಿಂತ ಬಹಳ ತಡವಾಗಿ. ಕೆಲಸ ನಿಲ್ಲಲಿಲ್ಲ. ನಾನೇ ಮುಂದೆ ಕಂಪನಿಯೊಂದರಲ್ಲಿ ಕುರ್ಚಿಯ ಮೇಲೆ ಕೂರುವ ಕೆಲಸಕ್ಕೆ ಹೋದೆ. ಸುವರ್ಣಾ ಪ್ರಯೋಗಾಲಯದಲ್ಲೇ ಉಳಿದರು.

ಈಗಷ್ಟೇ ಅವರಿಗೆ ಫೋನ್ ಮಾಡಿದೆ. ಅಂಗೈಯಗಲದ ದೊಡ್ಡ ಸೆಲ್ ಕಟ್ಟುತ್ತಿದ್ದಾರಂತೆ, ಅಂಚಿನಲ್ಲಿ ಮಾತ್ರ ಇನ್ನೂ ಮುಳ್ಳೇಳುತ್ತಿದೆಯಂತೆ. ಅಂಚಿನಲ್ಲಿ ಎಂದರೆ ಎಲ್ಲಿ, ಎಷ್ಟು ಒತ್ತಡ ಕೊಡುತ್ತೀರಿ ಎಂದು ಕೇಳುತ್ತಾ ಕೇಳುತ್ತಾ ನಾನು ಎದ್ದು ನಿಂತಿದ್ದೆ.

"ಶನಿವಾರ ನಾನೂ ಬರಲೇ?"

"ಕೇಳೂದೇನದ? ಬರ್ರಿ."

ಕಪಾಟಿನಿಂದ ಪ್ರಯೋಗಾಲಯದ ಹಳೆಯ ಬಿಳಿ ಕೋಟು ತೆಗೆದು ತೊಟ್ಟರೆ ಗುಂಡಿ ಹತ್ತಲಿಲ್ಲ. ಮಗಳು ನಗುತ್ತಿದ್ದಾಳೆ. ನಗಲಿ. ನಾನು ಗುಂಡಿಗಳನ್ನು ಬಿಚ್ಚಿ ಆಚೆ ಸರಿಸಿ ಹೊಲಿಯುತ್ತಿದ್ದೇನೆ.