ಸವಾರಜ್ಜನ ಕೈ

ಅಣ್ಣ ಬಿತ್ತಿದ ಜೋಳ ಆ ವರ್ಷ ಸೊಟ್ಟ ಸಾಲಿನಲ್ಲಿ ಹುಟ್ಟಿತು. ಸಾಲೋಟಗಿ ಕಡೆಯ ನಮ್ಮ ಹೊಲದಲ್ಲಿ ಮೂವತ್ತು ವರ್ಷ ಕೂರಿಗೆ ಹಿಡಿದವನು ಅವನು. ಅವನ ಸಾಲು ನೋಡಿದವರು ಹಗ್ಗ ಹಿಡಿದು ಬಿತ್ತಿದ್ದಾನೆ ಎನ್ನುತ್ತಿದ್ದರು. ಸಿಂದಗಿಯಲ್ಲಿ ಶಾಲಾ ಶಿಕ್ಷಕಿಯಾಗಿದ್ದ ನಾನು ರಜೆಗೆ ಹೋದಾಗ ಬದುವಿನ ಮೇಲೆ ನಿಂತು ನೋಡಿದೆ. ಮೊಳಕೆಗಳು ನಾಲ್ಕು ಮಾರು ನೆಟ್ಟಗೆ ಹೋಗಿ, ಒಮ್ಮೆಲೇ ಎಡಕ್ಕೆ ಸಿಡಿದು, ಮತ್ತೆ ಸಾಲಿಗೆ ಬಂದಿದ್ದವು.

"ಎತ್ತು ಬೆದರಿದ್ವೇನು?" ಎಂದು ಕೇಳಿದೆ.

"ಎತ್ತಲ್ಲ ತಂಗಿ," ಎಂದ. ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದಿದ್ದ. ಬೆರಳುಗಳು ಕಾಣದ ತೆನೆ ಮುರಿಯುವಂತೆ ಆಡುತ್ತಿದ್ದವು.

ಆ ಬೆರಳಾಟ ನಮ್ಮಿಬ್ಬರಿಗೂ ಗುರುತಿತ್ತು. ಅಪ್ಪನಿಗೂ ಹೀಗೇ ಶುರುವಾಗಿತ್ತು. ಕೊನೆಯ ವರ್ಷಗಳಲ್ಲಿ ಅವನು ಮಲಗಿದ ಮರದ ಹೊರಸಿನಿಂದ ಬೀಳಬಾರದೆಂದು ಅವ್ವ ಹಳೆಯ ಸೀರೆಯಿಂದ ಕಟ್ಟುತ್ತಿದ್ದಳು. ಕಟ್ಟಿದ ಮೇಲೂ ಹೊರಸಿನ ಕಾಲು ನೆಲಕ್ಕೆ ಉಜ್ಜುವ ಸದ್ದು ನಿಲ್ಲುತ್ತಿರಲಿಲ್ಲ. ಅಪ್ಪನ ಅಪ್ಪ ನಲವತ್ತು ದಾಟುತ್ತಲೇ ಬಾವಿಗೆ ಬಿದ್ದು ಸತ್ತಿದ್ದ. ಕಾಲು ಜಾರಿತಂತೆ. ಅದರಾಚೆ ಯಾರೂ ಕೇಳಲಿಲ್ಲ.

ಕೇಳದಿರಲು ನಮ್ಮ ಮನೆಯಲ್ಲಿ ಒಂದು ಕತೆಯಿತ್ತು. ನನ್ನ ಮುತ್ತಜ್ಜನ ಅಪ್ಪ ಕುದುರೆ ಸವಾರ. ದಂಡಿನಲ್ಲಿದ್ದು ಬಂದು ಇಲ್ಲಿ ಹೊಲ ಮಾಡಿದವನು. ನಮಗೆಲ್ಲ ಅವನು ಸವಾರಜ್ಜ. ದಣಿದ ಕುದುರೆಯನ್ನು ಬಾರುಕೋಲಿನಿಂದ ಹೊಡೆದೂ ಹೊಡೆದೂ ಓಡಿಸಿದನಂತೆ. ಅದು ಬಿದ್ದು, ನಾಲ್ಕೂ ಕಾಲು ನಡುಗಿಸಿ, ಪ್ರಾಣ ಬಿಟ್ಟಿತಂತೆ. ಆ ನಡುಕವೇ ಮನೆಗೆ ಶಾಪವಾಗಿ ಅಂಟಿತಂತೆ. ನಾವು ಅದನ್ನು ನಂಬಿಯೇ ಬೆಳೆದೆವು.

ವಿಜಯಪುರದ ಡಾಕ್ಟರರು ಅಣ್ಣನನ್ನು ನೆಲದ ಒಂದು ಗೆರೆಯ ಮೇಲೆ ನಡೆಸಿ ನೋಡಿದರು. "ಇದು ರಕ್ತದಾಗ ಬರೂದ್ರಿ. ತಂದಿಗೆ ಇದ್ರ ಮಕ್ಕಳಿಗೆ ಬರಬಹುದು, ಬರದನೂ ಇರಬಹುದು. ನಿಮ್ಮ ತಂದಿಗಿಂತ ಮೊದಲ ಯಾರಿಗಿತ್ತು?" ಎಂದರು. ಕುದುರೆಯ ಕತೆ ಹೇಳಲು ನನಗೆ ನಾಚಿಕೆಯಾಯಿತು. ತಿಳಿದುಕೊಂಡು ಬರುತ್ತೇನೆ ಎಂದೆ.

ಅಟ್ಟದ ಮೇಲಿನ ಟ್ರಂಕಿನಲ್ಲಿ ಸವಾರಜ್ಜನ ಕಾಲದ ಒಂದು ಕಾಗದವಿತ್ತು. ಮಹಾನವಮಿಗೆ ಅದಕ್ಕೆ ಕುಂಕುಮ ಹಚ್ಚುತ್ತಿದ್ದೆವೇ ಹೊರತು ಯಾರೂ ಓದಿರಲಿಲ್ಲ, ಅಕ್ಷರ ಹಳೆಯ ಮರಾಠಿ ಕಾಗದಪತ್ರಗಳ ಮೋಡಿ ಲಿಪಿಯದು. ಇಂಡಿಯಲ್ಲಿ ಮೋಡಿ ಬಲ್ಲ ಒಬ್ಬ ಮುಸ್ಲಿಂ ಹಿರಿಯರಿದ್ದರು, ಖರೀದಿಪತ್ರ ಬರೆದು ಬದುಕಿದವರು. ಕುದುರೆಯ ಕತೆಯನ್ನು ನನ್ನಿಂದ ಕೇಳಿ, ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದರು.

"ಅಕ್ಕಾರ, ನಿಮ್ಮ ಅಜ್ಜ ಕುದುರಿ ಕೊಂದಾನಂತ ಯಾರು ಹೇಳಿದ್ರು?"

"ಮನಿಯಾಗ ಎಲ್ಲಾರೂ ಹೇಳ್ತಾರ್ರಿ."

"ಇಲ್ಲಿ ಹಂಗಿಲ್ಲ ನೋಡ್ರಿ. ಕುದುರಿ ಸುಖರೂಪ ಐತಿ, ಲಾಯಕ್ಕ ವಾಪಸ್ ಕೊಟ್ಟಾನ ಅಂತ ಬರದಾರ. ಕೆಟ್ಟಿದ್ದು ಇವನ ಕೈ. ಲಗಾಮು ಹಿಡಿಯೂ ಕೈ ನಿಲ್ಲಂಗಿಲ್ಲ, ಚಾಕರಿಗೆ ಬ್ಯಾಡ ಅಂತ ಕಳಿಸ್ಯಾರ." ಅವರು ಕಾಗದ ಮಡಚುವ ಮೊದಲು ನನ್ನ ಕೈಯತ್ತ ಒಮ್ಮೆ ನೋಡಿದರು. ಕಾಗದದಲ್ಲಿ ಸವಾರಜ್ಜನ ಹುಟ್ಟೂರೂ ಇತ್ತು, ಮುದ್ದೇಬಿಹಾಳದ ಹತ್ತಿರದ ಒಂದು ಹಳ್ಳಿ. ನಾವು ಇಂಡಿ ಕಡೆಯವರೇ ಎಂದು ತಿಳಿದಿದ್ದೆವು.

ಮುಂದಿನ ಭಾನುವಾರ ದೇವರ ಹಿಪ್ಪರಗಿಯಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋದೆ. ಊರ ನಡುವೆ ಕಲ್ಲುಗೋಡೆಯಷ್ಟೇ ಉಳಿದ ಮನೆಯೊಂದಿತ್ತು. ಒಳಗೆ ಜಾಲಿ ಬೆಳೆದಿತ್ತು. ಎದುರು ಕಟ್ಟೆಯ ಮೇಲೆ ಕುಳಿತ ಮುದುಕಿ ಅದನ್ನು ನಡುಗೋರ ಮನಿ ಎಂದಳು.

"ಅವರೆಲ್ಲಾ ಎಲ್ಲಿ ಹೋದ್ರಬೇ?"

"ಎಲ್ಲಿ ಹೋಗ್ತಾರ? ಯಾರೂ ಹೆಣ್ಣ ಕೊಡಲಿಲ್ಲ. ಒಬ್ಬ ಮಾತ್ರ ಕುದುರಿ ದಂಡಿನ ಹಿಂದ ಓಡಿಹೋದನಂತ, ನಮ್ಮತ್ತಿ ಹೇಳ್ತಿದ್ಲು. ಉಳದವರು ಒಬ್ಬೊಬ್ಬರ ನಡುಗಿ ನಡುಗಿ ಅಲ್ಲೇ ಮುಗದ್ರು." ಅವಳು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. "ನೀ ಯಾರ ಪೈಕಿ?"

"ಜನಗಣತಿಗೆ ಬಂದೇನಿ," ಎಂದೆ. ನನಗೇ ತಿಳಿಯದಂತೆ ಕೈಗಳು ಸೆರಗಿನ ಒಳಗೆ ಸೇರಿದ್ದವು.

ಹಿಂದಿರುಗುವ ಬಸ್ಸಿನಲ್ಲಿ ಕುಳಿತಾಗ ಸವಾರಜ್ಜನ ಲೆಕ್ಕ ನನಗೆ ಅರ್ಥವಾಯಿತು. ದಂಡು ಸೇರುವ ಮೊದಲೇ ಅವನಿಗೆ ಎಲ್ಲ ಗೊತ್ತಿತ್ತು. ಓಡಿದ. ಕೈ ಅವನ ಜೊತೆಗೇ ಬಂತು. ಗೊತ್ತಿಲ್ಲದ ಊರಿನಲ್ಲಿ ಹೊಲ ಹಿಡಿದು, ಕುದುರೆಯ ಕತೆ ಹೇಳಿದ. ಶಾಪವಾದರೆ ಹರಕೆ ಹೊತ್ತು ಕಳೆದುಕೊಳ್ಳಬಹುದು, ಅಂಥ ಮನೆಗೆ ಮಂದಿ ಹೆಣ್ಣು ಕೊಡುತ್ತಾರೆ; ರಕ್ತವೇ ಹೀಗೆಂದರೆ ಕೊಡುವುದಿಲ್ಲ. ಅವನ ಮೇಲೆ ಸಿಟ್ಟು ಬಂತು. ಆದರೆ ಆ ಸುಳ್ಳಿಲ್ಲದಿದ್ದರೆ ಸಿಟ್ಟಾಗಲು ನಾನೂ ಇರುತ್ತಿರಲಿಲ್ಲ.

ಬಸ್ಸು ಬಸವನ ಬಾಗೇವಾಡಿಯಲ್ಲಿ ನಿಂತಾಗ ಅತ್ತಿಗೆಯ ಫೋನು ಬಂತು. ಅಣ್ಣನ ಮಗಳಿಗೆ ಒಂದು ಮನೆ ಕೂಡಿ ಬಂದಿದೆ ಎಂದು ಸಂಭ್ರಮದಲ್ಲಿದ್ದಳು. "ಬಾಗೇವಾಡಿ ಹತ್ರದವರಂತವಾ. ಹಳೇ ಸಂಬಂಧಾನ. ಸವಾರಜ್ಜನ ಮಗಳನ್ನ ಕೊಟ್ಟಿದ್ದ ಮನಿಯಂತ."

ಆ ಮಗಳ ಜೊತೆ ಅದೇ ರಕ್ತವೂ ಆ ಮನೆಗೆ ಹೋಗಿರಬಹುದು. ನಾನು ಅಲ್ಲೇ ಬಸ್ಸಿಳಿದೆ. ಊರಿನ ಹೆಸರು ಕೇಳಿಕೊಂಡು ಆಟೊ ಹಿಡಿದೆ.

ಹುಡುಗಿಯ ಸೋದರತ್ತೆ ಎಂದೆ. ಹುಡುಗನ ತಾಯಿ ಕೈಕಾಲಿಗೆ ನೀರು ಕೊಟ್ಟು, ಅವಲಕ್ಕಿ ತಂದಿಟ್ಟಳು. ಯಜಮಾನರು ಊರಲ್ಲಿಲ್ಲ ಎಂದಳು. ನಾವು ಮಳೆಯ ಮಾತಾಡುತ್ತಿದ್ದೆವು. ಮುಚ್ಚಿದ ಒಳಕೋಣೆಯಿಂದ ಮರ ನೆಲಕ್ಕೆ ಉಜ್ಜುವ ಸದ್ದು ಕೇಳಿತು. ನಿಂತಿತು. ಮತ್ತೆ ಕೇಳಿತು.

"ಒಳಗ ಯಾರದಾರ್ರಿ?"

"ಬೆಕ್ಕು ಐತ್ರಿ," ಎಂದಳು, ನನ್ನತ್ತ ನೋಡದೆ.

ನಾನು ತಟ್ಟೆ ಕೆಳಗಿಟ್ಟೆ. "ನಮ್ಮಣ್ಣಗೂ ಕೈ ಆಡತಾವ್ರಿ. ನಮ್ಮಪ್ಪಗೂ ಹಿಂಗ ಇತ್ತು."

ಅವಳು ನನ್ನ ತಟ್ಟೆಯನ್ನು ಬದಿಗೆ ಸರಿಸಿದಳು. ಆಮೇಲೆ ಎದ್ದು ಅಗಳಿ ತೆಗೆದಳು. ಹೊರಸಿನ ಮೇಲೆ ಅವಳ ಗಂಡನಿದ್ದ. ಹೆಗಲು, ಕುತ್ತಿಗೆ, ಕಾಲು ಒಂದೊಂದೂ ಬೇರೆಬೇರೆ ಕಡೆ ಎಳೆಯುತ್ತಿದ್ದವು. ಕಣ್ಣು ಮಾತ್ರ ಅಲುಗದೆ ನನ್ನ ಮೇಲಿತ್ತು. ಮುಖ ಥೇಟ್ ನಮ್ಮಪ್ಪನದು.

"ನಮ್ಮ ಹಿರ್ಯಾರು ನಾಗರಹಾವು ಹೊಡದಿದ್ರಂತ್ರಿ," ಎಂದು ಆಕೆ ಪಿಸುಗುಟ್ಟಿದಳು. "ಅದರ ಶಾಪ. ಮಗಗ ಇಷ್ಟ ಹೇಳೇನಿ."

"ಹಾವಲ್ರಿ," ಎಂದೆ. ಕಾಗದದಲ್ಲಿದ್ದುದನ್ನೂ ಮುದ್ದೇಬಿಹಾಳದ ಕಡೆ ಕೇಳಿದ್ದನ್ನೂ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಆಕೆ ಗೋಡೆಗೆ ಒರಗಿ ಅಳುತ್ತಿದ್ದಳು.

ಮರುದಿನ ಅಣ್ಣನ ಮಗಳನ್ನು ಎದುರು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಅತ್ತಿಗೆ ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು. ಹುಡುಗಿ ಅಳಲಿಲ್ಲ. "ಅತ್ತಿ, ಆ ಹುಡುಗಗ ಗೊತ್ತೈತೇನು?" ಎಂದಷ್ಟೇ ಕೇಳಿ, ತಾನೇ ಅವನಿಗೆ ಫೋನು ಮಾಡಿದಳು. ಮದುವೆ ಬೇಡವೆಂದು ಅವರಿಬ್ಬರೇ ತೀರ್ಮಾನಿಸಿದರು. ಮಂದಿಗೆ ಜಾತಕ ಕೂಡಲಿಲ್ಲ ಎಂದು ಎರಡೂ ಮನೆಯವರು ಹೇಳಿದೆವು. ಅದೂ ಸುಳ್ಳೇ.

ನಾನು ರಕ್ತ ಕೊಟ್ಟು ಪರೀಕ್ಷೆ ಮಾಡಿಸಿದೆ. ನನಗೆ ಇಲ್ಲ ಎಂದು ಬಂತು. ಅದನ್ನು ಹೇಳಿದಾಗ ಅಣ್ಣ ನಗಲು ನೋಡಿದ. ಮುಖ ಅವನ ಮಾತು ಕೇಳಲಿಲ್ಲ. ತಪ್ಪಿಸಿಕೊಂಡು ಬಂದವಳಂತೆ ತಲೆ ತಗ್ಗಿಸಿದೆ. ಅವನ ಮಗಳು ಪರೀಕ್ಷೆಗೆ ಒಪ್ಪಿಲ್ಲ. ಇಂಡಿಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಾಳೆ. ಹೋದಾಗಲೆಲ್ಲ ಅವಳೆದುರು ಕುಳಿತು ಊರ ಸುದ್ದಿ ಮಾತಾಡುತ್ತೇನೆ. ಮೊನ್ನೆ ಅವಳು ಸೂಜಿಗೆ ದಾರ ಪೋಣಿಸುವಾಗ ನನ್ನ ಮಾತು ಅರ್ಧಕ್ಕೇ ನಿಂತಿತು. ಮೊದಲ ಸಲಕ್ಕೆ ದಾರ ಹೋಗಲಿಲ್ಲ. ಎರಡನೆಯ ಸಲಕ್ಕೂ ಹೋಗಲಿಲ್ಲ.

"ಬೆಳಕು ಕಮ್ಮಿ ಐತಿ, ಅತ್ತಿ," ಎಂದಳು ತಲೆಯೆತ್ತದೆ, ನಾನು ಏನನ್ನೂ ಕೇಳದಿದ್ದರೂ.